ಪಿಯಾನೊ ನುಡಿಸೋಕೆ ಉಸಿರು ಯಾಕೆ ಸಾರ್?

ಕಳೆದ ಶನಿವಾರ ಜಾಝ್ ಪಿಯಾನೊ ಪಾಠಕ್ಕೆ ಹೋಗಿ ನನ್ನ ಸರದಿಗಾಗಿ ಕಾಯುತ್ತ ಕುಳಿತಿದ್ದಾಗ ಕಿವಿಗೆ ಬಿದ್ದ ಪ್ರಶ್ನೋತ್ತರವೊಂದು ಇಡೀ ವಾರ ತಲೆಯಲ್ಲಿ ತಿರುಗುತ್ತಿದೆ. ನನಗಿಂತ ಮುಂಚಿನ ಪಾಠದ ಹುಡುಗ ಹನ್ನೆರಡು ಬಾರ್‌ಗಳ ಬ್ಲೂಸ್ ಮೇಲೆ ಸೋಲೊ ನುಡಿಸುತ್ತಿದ್ದ (ಬಾರ್ ಎಂದರೆ ಇಲ್ಲಿ ನಾಲ್ಕು ಪೆಟ್ಟಿನ ಒಂದು ಅಳತೆ, ಸೋಲೊ ಎಂದರೆ ವಾದಕ ಆ ಕ್ಷಣದಲ್ಲೇ ಕಟ್ಟಿ ನುಡಿಸುವ ಭಾಗ). ಅವನ ಬೆರಳುಗಳ ಚುರುಕು ಅಸಾಧ್ಯವಾದದ್ದು. ಪಕ್ಕದಲ್ಲಿ ಮೊಬೈಲ್ ಹಿಡಿದು ಚಿತ್ರೀಕರಿಸುತ್ತಿದ್ದ ಅವನ ತಂದೆಗೆ ಮಗನ ಸಂಗೀತಕ್ಕಿಂತ ಅವನ ವೇಗದ ಮೇಲೆಯೇ ಅಭಿಮಾನ ಹೆಚ್ಚು ಎಂದು ನನಗೆ ಮೊದಲಿನಿಂದಲೂ ಅನ್ನಿಸಿದೆ. ಮೇಷ್ಟ್ರು ಕೈಯೆತ್ತಿ ನಿಲ್ಲಿಸಿ, "ಎಲ್ಲಾ ಸರಿಯಪ್ಪ, ಉಸಿರು ಎಲ್ಲಿ ತಗೊಂಡೆ?" ಎಂದರು. ಹುಡುಗ ನಿಜವಾಗಿಯೂ ಅರ್ಥವಾಗದೆ, "ಪಿಯಾನೊ ನುಡಿಸೋಕೆ ಉಸಿರು ಯಾಕೆ ಸಾರ್?" ಎಂದ.

ಪ್ರಶ್ನೆ ಅಧಿಕಪ್ರಸಂಗದ್ದಲ್ಲ. ಟ್ರಂಪೆಟ್ ಮತ್ತು ಸ್ಯಾಕ್ಸೊಫೋನ್ ನುಡಿಸುವವರು ಬೇಕೋ ಬೇಡವೋ ಎದೆಯಲ್ಲಿನ ಗಾಳಿ ಮುಗಿದಲ್ಲಿ ಸ್ವರಗಳ ವಾಕ್ಯವನ್ನು ಮುಗಿಸಲೇಬೇಕು, ಆದ್ದರಿಂದ ಅವರ ಸೋಲೊಗಳಲ್ಲಿ ಮಾತಿನಂತಹ ಏರಿಳಿತ ಮತ್ತು ವಿರಾಮ ತಾನಾಗಿ ಬರುತ್ತದೆ. ಪಿಯಾನೊದವನನ್ನು ಮಾತ್ರ ತಡೆಯುವವರು ಯಾರೂ ಇಲ್ಲ.

ಮೇಷ್ಟ್ರು ಉತ್ತರ ಹೇಳುವ ಬದಲು ಜಾಝ್ ವಾದ್ಯವೃಂದದ ನಾಯಕ ಡ್ಯೂಕ್ ಎಲಿಂಗ್ಟನ್ ಅವರ 'ಸಿ ಜ್ಯಾಮ್ ಬ್ಲೂಸ್' ನುಡಿಸಿದರು. ಎಲಿಂಗ್ಟನ್ ತಂಡ 1942ರಲ್ಲಿ ಧ್ವನಿಮುದ್ರಿಸಿದ ಈ ರಚನೆಯ ರಾಗಕ್ಕೆ ಇರುವುದು ಜಿ ಮತ್ತು ಸಿ ಎಂಬ ಎರಡೇ ಸ್ವರ, ಮೂರು ಸಲ ಬರುವ ಒಂದೇ ವಾಕ್ಯ. ಸಿಯನ್ನು ಷಡ್ಜವೆಂದುಕೊಂಡರೆ ಇವು ನಮ್ಮ ತಂಬೂರಿಯಲ್ಲಿ ಸದಾ ಕೇಳುವ ಪಂಚಮ, ಷಡ್ಜಗಳೇ. ತಂಬೂರಿಯಲ್ಲಿ ಬರೀ ಶ್ರುತಿಯಾಗಿರುವುದು ಇಲ್ಲಿ ಲಯದ ಬಲವೊಂದರಿಂದಲೇ ಹಾಡಾಗಿಬಿಡುತ್ತದೆ.

ಈಗ ಅವೆರಡೇ ಸ್ವರಗಳಲ್ಲಿ ಸೋಲೊ ನುಡಿಸು ಎಂದರು. ಮೊದಲ ಸುತ್ತಿನಲ್ಲಿ ಹುಡುಗ ಪ್ರತಿ ಅರ್ಧ ಪೆಟ್ಟಿಗೂ ಒಂದೊಂದು ಸ್ವರ ತುಂಬಿದ. ಎರಡನೆಯ ಸುತ್ತಿಗೆ ಮೇಷ್ಟ್ರು ಪೆಟ್ಟು ಎಣಿಸುವ ಯಂತ್ರವಾದ ಮೆಟ್ರೊನೋಮ್ ಎರಡನೆಯ ಮತ್ತು ನಾಲ್ಕನೆಯ ಪೆಟ್ಟಿಗೆ ಮಾತ್ರ ಟಕ್ಕೆನ್ನುವಂತೆ ಇಟ್ಟು, ಬಾರಿನ ಮೊದಲ ಪೆಟ್ಟಿನ ಮೇಲೆ ಶುರುಮಾಡಕೂಡದೆಂದು ಕಟ್ಟುಮಾಡಿದರು; ತಾಳ ಶುರುವಾದ ಮೇಲೆ ಹಾಡು ಎತ್ತಿಕೊಳ್ಳುವ ಅನಾಗತ ಎಡುಪು ನಮ್ಮ ಕಛೇರಿಗಳ ಕೇಳುಗರಿಗೆ ಹೊಸದೇನಲ್ಲ. ಹುಡುಗ ತಡವರಿಸಿದ, ನಕ್ಕ, ಆಮೇಲೆ ಮೊದಲ ಪೆಟ್ಟನ್ನು ಹೋಗಲು ಬಿಟ್ಟು ಅರ್ಧ ಪೆಟ್ಟು ತಡವಾಗಿ ಹೊರಟು, ಎರಡು ಬಾರಿನೊಳಗೆ ವಾಕ್ಯವನ್ನು ಮುಗಿಸಿ, ಉಳಿದೆರಡು ಬಾರುಗಳನ್ನು ಖಾಲಿ ಬಿಟ್ಟ. ಮತ್ತೆ ಅದೇ ವಾಕ್ಯವನ್ನು ಇನ್ನಷ್ಟು ಹಿಂದೆ ತಳ್ಳಿ, ಕೊನೆಯ ಸ್ವರಕ್ಕೆ ಒತ್ತು ಕೊಟ್ಟು ನುಡಿಸಿದಾಗ ನನ್ನ ಕಾಲು ತಾನಾಗಿ ತಾಳ ಹಾಕಿತು. ತಂದೆ ಆಗಲೇ ರೆಕಾರ್ಡಿಂಗ್ ನಿಲ್ಲಿಸಿಬಿಟ್ಟಿದ್ದರು.

ಮನೆಗೆ ಬಂದವನೇ ಜಾಝ್ ಪಿಯಾನೊ ವಾದಕ ಅಹ್ಮದ್ ಜಮಾಲ್ 1958ರ ಜನವರಿಯಲ್ಲಿ ಶಿಕಾಗೊದ ಪರ್ಶಿಂಗ್ ಹೋಟೆಲಿನ ಲೌಂಜಿನಲ್ಲಿ ಮುದ್ರಿಸಿದ ಕಛೇರಿಯನ್ನು ಹಾಕಿದೆ. ಅಲ್ಲಿ ಪಿಯಾನೊ ಆಗಾಗ ಸುಮ್ಮನಾಗಿಬಿಡುತ್ತದೆ, ಆ ಬಿಡುವಿನಲ್ಲಿ ಇಸ್ರೇಲ್ ಕ್ರಾಸ್ಬಿಯ ಬೇಸ್ ಮತ್ತು ವರ್ನೆಲ್ ಫೋರ್ನಿಯರ್ ಅವರ ಡ್ರಮ್ಸ್ ಮೇಲೆದ್ದು ಕೇಳುತ್ತವೆ. ಜಮಾಲರ ಈ ಬಿಡುವನ್ನು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಬಹಳ ಮೆಚ್ಚಿದ್ದರೆಂಬುದು ಪ್ರಸಿದ್ಧ.

ಆದರೆ ಸ್ವರ ಕಡಿಮೆಯಾದಷ್ಟೂ ಸಂಗೀತ ಮೇಲು ಎಂಬಂತೆ ಮೇಷ್ಟ್ರು ಆಡುವ ಮಾತನ್ನು ನಾನು ಪೂರ್ತಿ ಒಪ್ಪಲಾರೆ, ಏಕೆಂದರೆ ಪಿಯಾನೊ ವಾದಕ ಆಸ್ಕರ್ ಪೀಟರ್ಸನ್ ಸ್ವರಗಳ ಮಳೆಯನ್ನೇ ಸುರಿಸಿದವರು, ಆದರೂ ಅವರ ಸೋಲೊಗಳು ಎಲ್ಲಿಯೂ ಏದುಸಿರು ಬಿಡುವುದಿಲ್ಲ. ಅವರ ಧ್ವನಿಮುದ್ರಿಕೆಗಳಿಗೆ ಕಿವಿಗೊಟ್ಟರೆ ಬಲಗೈ ಓಡುವಾಗ ಜೊತೆಯಲ್ಲೇ ಅವರು ಗುನುಗುವುದೂ ಕೇಳಿಸುತ್ತದೆ. ಈ ವಾರ ನಾನೂ ಗುನುಗಿಕೊಂಡೇ ನುಡಿಸುತ್ತಿದ್ದೇನೆ. ದನಿ ನಿಂತಲ್ಲಿ ಕೈ ನಿಲ್ಲಬೇಕೆಂಬುದೊಂದೇ ನಿಯಮ, ಆದರೆ ದನಿ ನಿಂತ ಮೇಲೂ ಕೈ ಇನ್ನೂ ನಾಲ್ಕು ಸ್ವರ ಮುಂದಕ್ಕೆ ಓಡಿರುತ್ತದೆ.