ಕೆಂಪು ಬಿಲ್ಲೆಯೂ ಮಾರುಕಟ್ಟೆಗೆ ಬಾರದ ದನಗಳೂ

ಹಳೆಯ ನಾಣ್ಯ ಸಂಗ್ರಹಿಸುವ ಗೆಳೆಯರೊಬ್ಬರು ಕೊಟ್ಟ ಕೆಂಪು ಬಿಲ್ಲೆಯೊಂದು ನನ್ನ ಮೇಜಿನ ಮೇಲಿದೆ. ಅಂಗಿಯ ಗುಂಡಿಗಿಂತ ತುಸು ದೊಡ್ಡದು, ಒತ್ತಿದ ನಾರಿನಿಂದ ಮಾಡಿದ್ದು, ನಡುವೆ 1 ಎಂಬ ಅಂಕಿ. ಎರಡನೆಯ ಮಹಾಯುದ್ಧದ ನಡುವೆ, 1944ರಿಂದ ಅಮೆರಿಕದ ಮಾಂಸದಂಗಡಿಗಳಲ್ಲಿ ಪಡಿತರದ ಕೆಂಪು ಚೀಟಿಗೆ ಚಿಲ್ಲರೆಯಾಗಿ ಇಂಥ ಬಿಲ್ಲೆಗಳನ್ನು ಕೊಡುತ್ತಿದ್ದರು. ಚಿಲ್ಲರೆಗೆ ಬರವಿರಲಿಲ್ಲ, ಬರವಿದ್ದದ್ದು ಮಾಂಸಕ್ಕೆ.

ಅಲ್ಲಿನ ಬೆಲೆ ನಿಯಂತ್ರಣ ಕಚೇರಿ 1942ರ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶದಂತೆ, ಆ ವರ್ಷದ ಮಾರ್ಚ್‌ನಲ್ಲಿ ಅಂಗಡಿಯವನು ಪಡೆದಿದ್ದ ಗರಿಷ್ಠ ದರವೇ ಬಹುಪಾಲು ಸರಕುಗಳಿಗೆ ಮಿತಿಯಾಯಿತು. ದನದ ಮಾಂಸವೂ ಅದರಲ್ಲಿ ಸೇರಿತ್ತು, ಆದರೆ ಜೀವಂತ ದನದ ಬೆಲೆಗೆ 1945ರ ಆರಂಭದವರೆಗೂ ಮಿತಿಯಿರಲಿಲ್ಲ. ಅಲ್ಲಿನ ಸಂಸತ್ತಾದ ಕಾಂಗ್ರೆಸ್‌ನಲ್ಲಿ ರೈತಪರ ಸದಸ್ಯರ ಬಲ ಅಷ್ಟಿತ್ತು. ದುಬಾರಿ ಬೆಲೆಗೆ ದನ ಕೊಂಡು ಅಗ್ಗದ ದರಕ್ಕೆ ಮಾಂಸ ಮಾರಬೇಕಾದ ದೊಡ್ಡ ಕಸಾಯಿಖಾನೆಗಳು ಇಕ್ಕಟ್ಟಿಗೆ ಸಿಕ್ಕಿದವು. 1943ರಲ್ಲಿ ಸರ್ಕಾರ ಅವುಗಳಿಗೆ ಸಹಾಯಧನ ಕೊಡಬೇಕಾಯಿತು. ಲೆಕ್ಕಪತ್ರಕ್ಕೆ ಸಿಗದ ಸಣ್ಣಪುಟ್ಟ ಕಟುಕರಾದರೋ ಹೆಚ್ಚು ಹಣ ಕೊಟ್ಟು ದನಗಳನ್ನು ಕೊಂಡೊಯ್ದರು. ಹಾಗೆ ಕದ್ದು ಕಡಿದ ದನದ ಚರ್ಮವೂ ಗ್ರಂಥಿಗಳೂ ಎಷ್ಟೋ ಸಲ ಮಣ್ಣುಪಾಲಾದವು. ಚರ್ಮವಾದರೆ ಸೈನಿಕರ ಬೂಟಿಗೆ, ಗ್ರಂಥಿಗಳಾದರೆ ಇನ್ಸುಲಿನ್‌ನಂಥ ಔಷಧಕ್ಕೆ ಬೇಕಾದವು.

ಅಂಗಡಿಯಲ್ಲಿ ನಡೆಯುತ್ತಿದ್ದ ಕೈಚಳಕ ಇನ್ನೂ ನಯವಾದದ್ದು. ದರ ಏರಿಸದೆಯೇ ಕೀಳು ದರ್ಜೆಯ ಮಾಂಸವನ್ನು ಮೇಲ್ದರ್ಜೆಯದೆಂದು ಮಾರುವುದು, ಕೊಬ್ಬನ್ನೂ ಮೂಳೆಯನ್ನೂ ತೆಗೆಯದೆ ತೂಗುವುದು, ಒಳ್ಳೆಯ ತುಂಡು ಬೇಕೆಂದವರಿಗೆ ಯಾರಿಗೂ ಬೇಡದ ಸಾಸೇಜನ್ನೂ ಕಟ್ಟಿಕೊಡುವುದು. ನಮ್ಮಲ್ಲಿ ಸೀಮೆಎಣ್ಣೆಗಾಗಿ ಸರದಿ ನಿಂತು ಸೋಪನ್ನೂ ಹೊತ್ತು ತಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೆಲೆ ಕಟ್ಟಿದ್ದೇ ತಪ್ಪೆಂದು ನಾನು ಹೇಳಲಾರೆ. ಸೈನ್ಯಕ್ಕೆ ಅಪಾರ ಮಾಂಸ ಹೋಗುತ್ತಿದ್ದಾಗ, ಉಳಿದದ್ದು ದುಡ್ಡಿದ್ದವರ ತಟ್ಟೆಗಷ್ಟೇ ಬೀಳದಂತೆ ಈ ಬಿಲ್ಲೆ ಸ್ವಲ್ಪವಾದರೂ ತಡೆಯಿತು. ಮಾಂಸವನ್ನು ಕಟ್ಟಿ ದನವನ್ನು ಬಿಟ್ಟದ್ದು ಎಡವಟ್ಟು.

ಯುದ್ಧ ಮುಗಿದ ಮೇಲಂತೂ ದನ ಸಾಕುವವರ ಕೈ ಮೇಲಾಯಿತು. 1946ರ ಜೂನ್ 30ಕ್ಕೆ ನಿಯಂತ್ರಣದ ಅವಧಿ ಮುಗಿದೊಡನೆ ದನಗಳು ಮಾರುಕಟ್ಟೆಗೆ ನುಗ್ಗಿದವು, ಬೆಲೆಯೂ ನೆಗೆಯಿತು. ಬೇಸಿಗೆಯ ಕೊನೆಗೆ ಮಿತಿಯನ್ನು ಮರಳಿ ಹೇರಿದಾಗ ಸಾಕಣೆದಾರರು ದನಗಳನ್ನು ಹುಲ್ಲುಗಾವಲಿನಲ್ಲೇ ಉಳಿಸಿಕೊಂಡರು. ಸೆಪ್ಟೆಂಬರ್‌ನಲ್ಲಿ ಕಟುಕರ ಕೊಕ್ಕೆಗಳು ಬರಿದಾದವು. ಅಕ್ಟೋಬರ್ 14ರಂದು ಅಧ್ಯಕ್ಷ ಟ್ರೂಮನ್ ರೇಡಿಯೊದಲ್ಲಿ ಮಾಂಸದ ಮೇಲಿನ ನಿಯಂತ್ರಣ ತೆಗೆಯುವುದಾಗಿ ಸಾರಿದರು. ಮೂರು ವಾರಗಳ ನಂತರ ನಡೆದ ಚುನಾವಣೆಯಲ್ಲಿ ಅವರ ಪಕ್ಷ ಎರಡೂ ಸದನಗಳನ್ನು ಕಳೆದುಕೊಂಡಿತು.