ಹೆಂಚು ಇಳಿಸಿದ ದಿನ

ತೀರ್ಥಹಳ್ಳಿ ಕಡೆಯ ಆ ಮನೆಯ ಹೆಂಚು ಇಳಿಸಿ ತಗಡಿನ ಶೀಟ್ ಹೊದಿಸಲು ಏಣಿ ಹಾಕಿದ್ದು ಏಪ್ರಿಲ್‌ನಲ್ಲಿ. ಕಾಗದಪತ್ರ ಮೊದಲೇ ಆಗಿತ್ತು. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದ ಪ್ರಕಾರ ಹೊಸ ಮನೆಗಷ್ಟೇ ಅಲ್ಲ, ಇದ್ದ ಮನೆ ಮಾರ್ಪಡಿಸಲೂ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಬೇಕು. ಇಲ್ಲಿ ಗೋಡೆ ಎರಡಡಿ ಏರಿಸುವುದಿತ್ತು. ಪಂಚಾಯಿತಿಯ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11, ಕಂದಾಯದ ರಸೀದಿ, ನಕ್ಷೆ ಎಲ್ಲ ಕೊಟ್ಟಾಗಿತ್ತು. ನಕ್ಷೆಯಲ್ಲಿ ಉದ್ದಗಲ, ಬಾಗಿಲು, ಕಿಟಕಿ ಇದ್ದವು. ಮಾಡು, ಅಂದರೆ ಛಾವಣಿ, ಗೋಡೆಯನ್ನು ಹೇಗೆ ಹಿಡಿದುಕೊಳ್ಳುತ್ತದೆ ಎಂಬುದೊಂದು ಇರಲಿಲ್ಲ.

ಹೆಂಚು ಇಳಿದ ಮೇಲೆ ಕಂಡಿತು: ಪಕಾಸು, ಅಂದರೆ ಮಾಡಿನ ಇಳಿಜಾರು ತೊಲೆಗಳು, ಮಣ್ಣಿನ ಗೋಡೆಯ ಮೇಲೆ ಬರೀ ಕೂತಿವೆ. ಹೀಗೇ ಶೀಟ್ ಹಾಕಿದರೆ ಗಾಳಿಗೆ ಮಾಡು ಹಾರುತ್ತದೆ ಎಂದರು ಮೇಸ್ತ್ರಿ.

"ಇಷ್ಟು ವರ್ಷ ಹಾರದ್ದು ಈಗ ಹಾರ್ತದಾ ಮೇಸ್ತ್ರಿ?" ಎಂದರು ಮನೆಯ ಹೆಗ್ಡೇರು.

"ಇಷ್ಟು ವರ್ಷ ಹೆಂಚಿನ ಭಾರ ಇತ್ತಲ್ಲ ಹೆಗ್ಡೇರೇ."

ಮಾತು ಸರಿ. ಮಂಗಳೂರು ಹೆಂಚು ಚದರ ಮೀಟರಿಗೆ 30 ಕೆಜಿ ದಾಟುತ್ತದೆ, ಸಂದಿನಲ್ಲಿ ಗಾಳಿಯೂ ನುಸುಳಿಹೋಗುತ್ತದೆ. ಅರ್ಧ ಮಿ.ಮೀ. ಶೀಟ್ 5 ಕೆಜಿ ಆಸುಪಾಸು. ಸೂರಿನಡಿ ನುಗ್ಗಿದ ಗಾಳಿಗೆ ದಾರಿಯಿಲ್ಲದೆ ಅದು ಶೀಟನ್ನೇ ಎತ್ತುತ್ತದೆ. ಶೀಟನ್ನು ರೀಪಿಗೆ (ಪಕಾಸಿನ ಮೇಲಿನ ಅಡ್ಡಪಟ್ಟಿಗೆ) ಬಿಗಿದು, ಪಕಾಸನ್ನು ಗೋಡೆಗೆ ಬಿಗಿಯದಿದ್ದರೆ ಇಡೀ ಮಾಡು ಒಟ್ಟಿಗೇ ಹೋಗುತ್ತದೆ.

ಮಣ್ಣಿಗೆ ಬೋಲ್ಟ್ ಕಚ್ಚುವುದಿಲ್ಲ. ಹಾಗಾಗಿ ಏರಿಸಿದ ಗೋಡೆಯ ತಲೆಯ ಮೇಲೆ ನಾಲ್ಕಿಂಚಿನ ಕಾಂಕ್ರೀಟ್ ಬೆಲ್ಟ್, ಒಳಗೆ 10 ಮಿ.ಮೀ. ಕಂಬಿ ಎರಡು. ಬುಡ ಬಗ್ಗಿಸಿದ 12 ಮಿ.ಮೀ. ಬೋಲ್ಟನ್ನು ನಾಲ್ಕಡಿಗೊಂದರಂತೆ ಕಂಬಿಯಡಿ ಸಿಕ್ಕಿಸಿ ಕಟ್ಟಿ, ಆಮೇಲೇ ಕಾಂಕ್ರೀಟ್. ಒಣಗಿದ ಮೇಲೆ ತೂತು ಕೊರೆದು ತುರುಕಿದ ಬೋಲ್ಟನ್ನು ನಂಬುವಂತಿಲ್ಲ. ಏಳು ದಿನ ನೀರುಣಿಸಿ, ನಂತರ ಆ ಬೋಲ್ಟುಗಳಿಗೆ ಮಾಡಿನ ಮರ ಬಿಗಿಯುವುದು.

ಅಮೆರಿಕದ ಫ್ಲೋರಿಡಾದಲ್ಲಿ ಅನುಮತಿ ನಕ್ಷೆಗೇ ಮುಗಿಯುವುದಿಲ್ಲ. 1992ರ ಆಂಡ್ರ್ಯೂ ಚಂಡಮಾರುತದ ನಂತರ ಅಲ್ಲಿನ ನಿಯಮ ಬಿಗಿಯಾಯಿತು. ಮಾಡು ಬದಲಿಸುವಾಗ ಹಲಗೆಗೆ ಹೊಡೆದ ಮೊಳೆಗಳನ್ನು ತಪಾಸಣೆ ಮಾಡಿದ ಮೇಲೆಯೇ ಹೊದಿಕೆ. ಮುಚ್ಚಿದ ಮೇಲೆ ನೋಡುವುದೇನು? ಇಲ್ಲಿ ಆ ಕೆಲಸ ಮೊಬೈಲ್ ಫೋಟೋದ್ದು: ಬೋಲ್ಟ್ ಕಾಣುವಾಗಲೇ ತೆಗೆದಿಟ್ಟುಕೊಳ್ಳಿ.

ಶೀಟ್ ಹೊದಿಸುವಾಗ ಸ್ಕ್ರೂ ಉಬ್ಬಿನ ಮೇಲಿರಲಿ. ತಗ್ಗಿನಲ್ಲಿ ಹೊಡೆದರೆ ಸೋರುವ ಭಯ ಹೆಚ್ಚು. ಸೂರು, ನೆತ್ತಿ, ಅಂಚುಗಳಲ್ಲಿ ಪ್ರತಿ ಉಬ್ಬಿಗೂ ಒಂದು, ನಡುವೆ ಉಬ್ಬು ಬಿಟ್ಟು ಉಬ್ಬಿಗೆ. ವಾಷರ್ ಚಪ್ಪಟೆಯಾಗುವಷ್ಟು ತಿರುಗಿಸಬಾರದು, ರಬ್ಬರ್ ಬಿರಿಯುತ್ತದೆ. ಒಂದು ಮಳೆಗಾಲ ಕಳೆದ ಮೇಲೆ ಸೂರಿನ ಸಾಲನ್ನು ಮತ್ತೆ ನೋಡಿ, ಸಡಿಲಾದದ್ದನ್ನು ಬದಲಿಸಿ.