ನರಾರಾದ ಇಳಿತದಲ್ಲಿ ಕಡಲ ಅನಿಮೋನ್

ಹೂವಿನಂತೆ ಅರಳುವ ಮೆದುಮೈಯ ಪ್ರಾಣಿ ಕಡಲ ಅನಿಮೋನನ್ನೂ ಹವಳದ ನಡುವೆ ಬದುಕುವ ಇತರ ಜೀವಿಗಳನ್ನೂ ನೋಡಲು ಗಾಳಿಯ ಸಿಲಿಂಡರ್ ಹೊತ್ತು ಮುಳುಗಲೇಬೇಕೆಂದಿಲ್ಲ. ಗುಜರಾತಿನ ಜಾಮ್‌ನಗರದಿಂದ ಸುಮಾರು 60 ಕಿ.ಮೀ. ದೂರದ ನರಾರಾದಲ್ಲಿ ನಡೆದುಕೊಂಡೇ ಹೋಗಿ ನೋಡಬಹುದು. ಕಚ್ ಕೊಲ್ಲಿಯ ಈ ದಂಡೆ 1982ರಲ್ಲಿ ಘೋಷಣೆಯಾದ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. ಇಲ್ಲಿ ಉಬ್ಬರಕ್ಕೂ ಇಳಿತಕ್ಕೂ ಹಲವು ಮೀಟರ್ ವ್ಯತ್ಯಾಸ. ನೀರು ಹಿಂದೆ ಸರಿದರೆ ಕಣ್ಣು ಹಾಯುವಷ್ಟು ದೂರ ಕಡಲ ತಳವೇ ಬಯಲಾಗುತ್ತದೆ.

ಹೊತ್ತಿನ ಲೆಕ್ಕ ಮಾತ್ರ ತಪ್ಪಬಾರದು. ಗಾಡಿ ಗೊತ್ತುಮಾಡಿಕೊಟ್ಟವರು "ಬೆಳಿಗ್ಗೆ ಬೇಗ ಹೊರಟರಾಯಿತು" ಎಂದು ಅಡ್ಡಾದಿಡ್ಡಿ ಹೇಳಿದ್ದರಿಂದ ಮೊದಲ ದಿನ ಕಂಡದ್ದು ತುಂಬಿದ ಬೂದು ನೀರಷ್ಟೇ. ಬಾಡಿಗೆ ಎರಡು ಪಟ್ಟಾಯಿತು. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನಿನ್ನೆಯ ವೇಳೆ ಇವತ್ತಿಗೆ ಸಲ್ಲದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಇಳಿಯುತ್ತದೆ. ಉಬ್ಬರವಿಳಿತದ ಪಟ್ಟಿ ನೋಡಿ, ನೀರು ಪೂರ್ತಿ ಇಳಿಯುವುದಕ್ಕೆ ಎರಡು ಗಂಟೆ ಮುಂಚೆಯೇ ದಡ ತಲುಪಬೇಕು. ಅರಣ್ಯ ಇಲಾಖೆಯ ಪರವಾನಗಿ ಬೇಕು. ಲೇಸ್ ಕಟ್ಟುವ ಹಳೆಯ ಕ್ಯಾನ್ವಾಸ್ ಶೂ ಇರಲಿ. ಚಪ್ಪಲಿ ಕೆಸರಿನಲ್ಲಿ ಕಿತ್ತುಬರುತ್ತದೆ, ಬರಿಗಾಲನ್ನು ಹವಳ ಕೊಯ್ಯುತ್ತದೆ.

ನೀರು ಪೂರ್ತಿ ಬಸಿದ ಕಡೆ ಅನಿಮೋನ್ ಹುಡುಕಿ ಪ್ರಯೋಜನವಿಲ್ಲ. ಅಲ್ಲಿರುವವು ಒಣಗದಿರಲೆಂದು ಕರಬಳ್ಳಿಗಳನ್ನು, ಅಂದರೆ ಬೇಟೆ ಹಿಡಿಯುವ ಬೆರಳಿನಂಥ ಎಳೆಗಳನ್ನು, ಒಳಕ್ಕೆಳೆದುಕೊಂಡು ಕಂದು ಮುದ್ದೆಗಳಾಗಿರುತ್ತವೆ. ಪಾದ ಮುಳುಗುವಷ್ಟು ನೀರು ಉಳಿದ ಮರಳಿನ ಗುಂಡಿಗಳೇ ಸರಿ. ನಮಗೆ ಕಂಡದ್ದು ಜಮಖಾನೆ ಅನಿಮೋನ್, ಮರಳಿನ ಮೇಲೆ ಹಾಸಿದಂತೆ, ಅಂಚೆಲ್ಲ ನಿರಿಗೆ ನಿರಿಗೆ. ಈ ಜಾತಿಯ ತಟ್ಟೆಯಂಥ ಮೈ ಅರ್ಧ ಮೀಟರಿಗೂ ಮೀರಿ ಅಗಲವಾಗಬಲ್ಲದು. ಮೈತುಂಬ ಗಿಡ್ಡ ಕರಬಳ್ಳಿಗಳು, ನಡುವೆ ಒಂದೇ ಬಾಯಿ. ತಿಂದದ್ದರ ಕಸವೂ ಅದೇ ಬಾಯಿಂದ ಹೊರಕ್ಕೆ. ಬುಡ ಮರಳಿನಡಿಯ ಗಟ್ಟಿ ನೆಲೆಗೆ ಅಂಟಿರುತ್ತದೆ. ಪಕ್ಕದಲ್ಲಿ ಹೆಜ್ಜೆ ಊರಿದ್ದೇ ತಡ, ಇಡೀ ತಟ್ಟೆ ಮಡಚಿಕೊಂಡು ಮರಳೊಳಗೆ ಇಳಿಯಿತು. ಉಳಿದದ್ದು ಒಂದು ತೂತು. ಅಲುಗಾಡದೆ ನಿಂತರೆ ಮೆಲ್ಲಗೆ ಮತ್ತೆ ಅರಳುತ್ತದೆ. ಹಾಗೆ ಅರಳಿದಾಗ ಅಂಚಿನಲ್ಲಿ ಬಿಳಿ ಮಚ್ಚೆಯ, ಗಾಜಿನಂಥ ಸಿಗಡಿಯೊಂದು ಅನಿಮೋನಿನ ಕುಟುಕಿಗೆ ಅಂಜದೆ ಓಡಾಡುತ್ತಿತ್ತು. ನರಾರಾದಲ್ಲಿ ಇನ್ನೇನೂ ಕಾಣದಿದ್ದರೂ ಇದೊಂದಕ್ಕೆ ಹೋಗಿಬರಬಹುದು.

ಜೊತೆಗಿದ್ದ ಗೈಡ್‌ ಅವರನ್ನು "ಮುಟ್ಟಿದರೆ ಏನಾಗುತ್ತದೆ ಭಾಯಿ?" ಎಂದು ಕೇಳಿದೆವು.

"ಬೆರಳಿಗೆ ಅಂಟುತ್ತದೆ. ಕೆಲವರಿಗೆ ಉರಿಯುತ್ತದೆ. ಅಂಟಿದ್ದನ್ನು ನೀವು ಎಳೆದರೆ ಅದರ ಕರಬಳ್ಳಿಯೇ ಹರಿಯುತ್ತದೆ."

"ಅಂಟು ಎಲ್ಲಿಂದ?"

"ಅದು ಅಂಟಲ್ಲ, ಮುಳ್ಳು. ಕಣ್ಣಿಗೆ ಕಾಣಿಸದಷ್ಟು ಸಣ್ಣದು."

ಅವರು ಹೇಳಿದ್ದು ಸರಿ. ಕರಬಳ್ಳಿಯ ಒಂದೊಂದು ಕುಟುಕು ಕಣದೊಳಗೂ ಸುರುಳಿ ಸುತ್ತಿದ ನಳಿಕೆಯಿರುತ್ತದೆ. ತಾಗಿದೊಡನೆ ಅದು ಹೊರಚಿಮ್ಮಿ ನಾಟಿಕೊಳ್ಳುತ್ತದೆ. ಹವಳ, ಜೆಲ್ಲಿಮೀನುಗಳಿಗೂ ಇದೇ ಆಯುಧ, ಮೂರೂ ಒಂದೇ ವಂಶದವು. ಅನಿಮೋನಿನ ಊಟಕ್ಕೆ ಬೇಟೆಯೊಂದೇ ಅಲ್ಲ, ಮೈಯೊಳಗೆ ನೆಲೆಸಿದ ಸೂಕ್ಷ್ಮ ಪಾಚಿ ಬಿಸಿಲಿನಿಂದ ತಯಾರಿಸುವ ಸಕ್ಕರೆಯೂ ಇದೆ. ನೀರು ಅತಿಯಾಗಿ ಕಾದರೆ ಆ ಪಾಚಿ ಹೊರಹೋಗಿ ಅನಿಮೋನ್ ಬಿಳಿಚಿಕೊಳ್ಳುತ್ತದೆ. ಇಷ್ಟು ನಾಜೂಕಿನ ಜಾಗದಲ್ಲಿ ಬೇರೊಂದು ಗುಂಪಿನವರು ಫೋಟೊಕ್ಕೆಂದು ಉಬ್ಬುಮೀನನ್ನು (ಪಫರ್ ಫಿಶ್) ನೀರಿಂದೆತ್ತಿ ಕೈಯಿಂದ ಕೈಗೆ ದಾಟಿಸುತ್ತಿದ್ದುದು ಕ್ರೌರ್ಯ. ನಿಲ್ಲಿಸಲೇಬೇಕು.

ಇದೇ ಹೆಸರಿನ ನೆಲದ ಅನಿಮೋನ್ ಕೂಡ ಇದೆ, ಹಿಮಾಲಯದಲ್ಲಿ ನೋಡಬಹುದು. ಅದು ಪ್ರಾಣಿಯಲ್ಲ, ಹೂಗಿಡ. ತೊರೆಯಂಚಿನ ತೇವದ ಹುಲ್ಲಿನಲ್ಲಿ ಬೆಳೆಯುವ ರಿವ್ಯುಲಾರಿಸ್ ಜಾತಿಗೆ ಬಿಳಿ ಹೂ, ಎಸಳಿನ ಬೆನ್ನಿಗೆ ನೀಲಿ ಛಾಯೆ. ಎಸಳಿನಂತೆ ಕಾಣುವವು ನಿಜಕ್ಕೂ ಪುಷ್ಪಪತ್ರಗಳು, ಅಂದರೆ ಮೊಗ್ಗನ್ನು ಹೊರಗಿನಿಂದ ಮುಚ್ಚುವ ಎಲೆಗಳು. ಕಿತ್ತು ಮುಡಿಯಬೇಡಿ, ಇದರ ಹಸಿ ರಸ ಚರ್ಮದಲ್ಲಿ ಬೊಬ್ಬೆ ಎಬ್ಬಿಸುತ್ತದೆ. ನೀಲಗಿರಿಯ ಎತ್ತರದಲ್ಲೂ ಇದೇ ಜಾತಿಯಿದೆ, ನಮಗೆ ಅದು ಹತ್ತಿರ.

ನರಾರಾದಲ್ಲಿ ಹಿಂತಿರುಗುವ ಹೊತ್ತು ಮರೆಯಬೇಡಿ. ಮರಳುವ ನೀರು ಮೊದಲು ತುಂಬುವುದು ತಗ್ಗಿನ ಕಾಲುವೆಗಳನ್ನು. ಅವು ನಿಮ್ಮ ಬೆನ್ನ ಹಿಂದೆ, ದಡಕ್ಕೂ ನಿಮಗೂ ನಡುವೆ ಇರುತ್ತವೆ. ನೀರು ಏರತೊಡಗಿದ ಮೇಲಲ್ಲ, ಇಳಿತ ಮುಗಿದೊಡನೆ ದಡದತ್ತ ತಿರುಗಿ.